ನಿಗದಿತ ವೇಳೆಗೆ ಕಾಣಿಸದ ಬರಹ, ಅವಧಿ ಮುಗಿದರೂ ಮರೆಯಾಗದ ಪ್ರಕಟಣೆ: ಜಾಲತಾಣದ ದೋಷ ಪತ್ತೆ ಮತ್ತು ಪರಿಹಾರ

ಪ್ರವೇಶ ಪ್ರಕಟಣೆ, ಟೆಂಡರ್, ಸಹಕಾರ ಸಂಘದ ವಾರ್ಷಿಕ ಸಭೆಯ ತಿಳಿವಳಿಕೆ ಪತ್ರ, ಹಬ್ಬದ ಶುಭಾಶಯದ ಬ್ಯಾನರ್ ಮೊದಲಾದವನ್ನು ಮುಂಚಿತವಾಗಿ ಸಿದ್ಧಪಡಿಸಿ, ಇಂಥ ದಿನ ಇಂಥ ಹೊತ್ತಿಗೆ ತಾನಾಗಿ ಕಾಣಿಸಲಿ, ಇಂಥ ದಿನದ ನಂತರ ತಾನಾಗಿ ಮರೆಯಾಗಲಿ ಎಂದು ಜಾಲತಾಣದಲ್ಲಿ ಹೊಂದಿಸಿಡುವುದು ಈಗ ಎಲ್ಲ ಸಂಸ್ಥೆಗಳಲ್ಲೂ ರೂಢಿಯಲ್ಲಿದೆ. ಈ ಹೊಂದಿಕೆ ಕೆಟ್ಟಾಗ ತೊಂದರೆಗೆ ಸಿಲುಕುವವರು ಓದುಗರು. ಕೊನೆಯ ದಿನ ಅರ್ಜಿ ಸಲ್ಲಿಸಲು ಬಂದ ವಿದ್ಯಾರ್ಥಿಗೆ ಪುಟವೇ ಸಿಗದಿದ್ದರೆ, ಆಮೇಲೆ ಸಂಸ್ಥೆ ಎಷ್ಟು ವಿಷಾದ ವ್ಯಕ್ತಪಡಿಸಿದರೂ ಅವಕಾಶ ಮರಳುವುದಿಲ್ಲ. ಆದ್ದರಿಂದ ಈ ದೋಷವನ್ನು ತಾತ್ಕಾಲಿಕವಾಗಿ ಮುಚ್ಚಿಹಾಕದೆ, ಅದರ ಮೂಲವನ್ನು ಹುಡುಕಿ ಸರಿಪಡಿಸಬೇಕು ಎಂಬ ಉದ್ದೇಶದಿಂದ ಈ ಕೈಪಿಡಿಯನ್ನು ಬರೆಯಲಾಗಿದೆ. ಹೆಚ್ಚಿನ ವಿವರಣೆ ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಸಂಬಂಧಿಸಿದ್ದು. ಅದೇ ಕೆಲಸದ ಇತರ ತಂತ್ರಾಂಶಗಳಾದ ಡ್ರೂಪಲ್, ಜೂಮ್ಲಾ ಮತ್ತು ಹ್ಯೂಗೋ ಬಳಸುವವರಿಗೆ ಬೇಕಾದ ವಿಷಯಗಳೂ ಮುಂದೆ ಬರುತ್ತವೆ.

ಮೊದಲು ವ್ಯತ್ಯಾಸವನ್ನು ಅಳೆಯಿರಿ

ಬರಹ ಕಾಣಿಸುತ್ತಿಲ್ಲ ಎಂದು ದೂರು ಬಂದ ಕೂಡಲೇ ಡ್ಯಾಶ್‌ಬೋರ್ಡ್ ತೆರೆದು ಪಬ್ಲಿಷ್ ಗುಂಡಿ ಒತ್ತಿಬಿಡುವುದು ಬಹುತೇಕ ಎಲ್ಲರೂ ಮಾಡುವ ಕೆಲಸ. ತುರ್ತು ಇದ್ದರೆ ಒತ್ತಲೇಬೇಕು, ಆದರೆ ಒತ್ತುವ ಮುನ್ನ ಒಂದೆರಡು ನಿಮಿಷ ಕೊಟ್ಟು ಅಲ್ಲಿರುವ ಸ್ಥಿತಿಯನ್ನು ಹಾಗೆಯೇ ಚಿತ್ರವಾಗಿ ಸೆರೆಹಿಡಿದುಕೊಳ್ಳಿ. ಬರಹದ ಸ್ಥಿತಿ ಏನೆಂದು ತೋರಿಸುತ್ತಿದೆ, ನಿಗದಿಪಡಿಸಿದ ಸಮಯ ಯಾವುದು, ಈಗಿನ ಸಮಯ ಯಾವುದು, ಲಾಗಿನ್ ಆದವರಿಗೂ ಹೊರಗಿನವರಿಗೂ ಒಂದೇ ರೀತಿ ಕಾಣುತ್ತಿದೆಯೇ ಎಂಬ ನಾಲ್ಕು ವಿವರಗಳು ದಾಖಲಾಗಬೇಕು. ಗುಂಡಿ ಒತ್ತಿದ ಮರುಕ್ಷಣ ಈ ಸಾಕ್ಷ್ಯಗಳೆಲ್ಲ ಅಳಿಸಿಹೋಗುತ್ತವೆ ಮತ್ತು ಅದೇ ದೋಷ ಮುಂದಿನ ಪ್ರಕಟಣೆಯಲ್ಲಿ ಮರುಕಳಿಸುತ್ತದೆ.

ಈ ವಿವರಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ವಿಳಂಬದ ಪ್ರಮಾಣ. ಎಷ್ಟು ಹೊತ್ತು ತಡವಾಯಿತು ಎಂಬುದೇ ದೋಷ ಎಲ್ಲಿದೆ ಎಂಬುದನ್ನು ಬಹುಪಾಲು ತಿಳಿಸಿಬಿಡುತ್ತದೆ. ಸರಿಯಾಗಿ 5 ಗಂಟೆ 30 ನಿಮಿಷದ ವ್ಯತ್ಯಾಸವಿದ್ದರೆ ಅದು ಸಮಯವಲಯದ ದೋಷ. ರಾತ್ರಿ ಕಾಣಿಸಬೇಕಾದದ್ದು ಬೆಳಗ್ಗೆ ಯಾರೋ ಮೊದಲಿಗರು ತಾಣಕ್ಕೆ ಬಂದ ಮೇಲೆ ಕಾಣಿಸಿತು ಎಂದಾದರೆ ಅದು ಕ್ರಾನ್ (ನಿಗದಿತ ಹೊತ್ತಿಗೆ ಕೆಲಸಗಳನ್ನು ನಡೆಸುವ ವ್ಯವಸ್ಥೆ) ಓಡುವ ಬಗೆಗೆ ಸಂಬಂಧಿಸಿದ್ದು. ಕೆಲವರಿಗೆ ಕಾಣುತ್ತಿದೆ, ಕೆಲವರಿಗೆ ಕಾಣುತ್ತಿಲ್ಲ ಎಂದರೆ ಕ್ಯಾಶ್, ಅಂದರೆ ಪುಟದ ಪ್ರತಿಯನ್ನು ಇಟ್ಟುಕೊಂಡು ಮತ್ತೆ ಮತ್ತೆ ಕೊಡುವ ಸಂಗ್ರಹದ ಕಡೆಗೆ ನೋಡಬೇಕು. ಕೊನೆಯ ದಿನವೇ ಬರಹ ಮಾಯವಾಗಿದ್ದರೆ ಗಡಿಯ ಲೆಕ್ಕ ತಪ್ಪಿದೆ. ಎಷ್ಟು ಕಾದರೂ ಏನೂ ಆಗಲಿಲ್ಲ ಎಂದರೆ ಮಾತ್ರ ಆಳವಾದ ಹುಡುಕಾಟ ಬೇಕಾಗುತ್ತದೆ.

ಎರಡು ಬೇರೆ ಬೇರೆ ಕಾರ್ಯವಿಧಾನಗಳು

ದಿನಾಂಕಕ್ಕೆ ತಕ್ಕಂತೆ ಬರಹವನ್ನು ತೋರಿಸುವುದಕ್ಕೆ ತಂತ್ರಾಂಶಗಳು ಎರಡು ದಾರಿ ಹಿಡಿಯುತ್ತವೆ. ಒಂದರಲ್ಲಿ, ನಿಗದಿತ ಹೊತ್ತಿಗೆ ಯಾವುದೋ ಕೆಲಸ ನಡೆದು ಬರಹದ ಸ್ಥಿತಿಯನ್ನೇ ಬದಲಿಸುತ್ತದೆ. ವರ್ಡ್‌ಪ್ರೆಸ್ ಮತ್ತು ಡ್ರೂಪಲ್‌ನ ಶೆಡ್ಯೂಲರ್ ಮಾಡ್ಯೂಲ್ ಹೀಗೆ ಕೆಲಸ ಮಾಡುತ್ತವೆ. ಇನ್ನೊಂದರಲ್ಲಿ ಯಾವ ಸ್ಥಿತಿಯೂ ಬದಲಾಗುವುದಿಲ್ಲ. ಪುಟವನ್ನು ಕೇಳಿದಾಗಲೆಲ್ಲ ಆ ಕ್ಷಣದ ಸಮಯವನ್ನು ಬರಹದ ಆರಂಭ ಮತ್ತು ಅಂತ್ಯದ ದಿನಾಂಕಗಳೊಂದಿಗೆ ಹೋಲಿಸಿ, ತೋರಿಸಬೇಕೋ ಬೇಡವೋ ಎಂದು ತೀರ್ಮಾನಿಸಲಾಗುತ್ತದೆ. ಜೂಮ್ಲಾದ ಲೇಖನಗಳಲ್ಲಿರುವ ಸ್ಟಾರ್ಟ್ ಪಬ್ಲಿಷಿಂಗ್ ಮತ್ತು ಫಿನಿಶ್ ಪಬ್ಲಿಷಿಂಗ್ ಎಂಬ ಎರಡು ಜಾಗಗಳು ಈ ಬಗೆಯವು.

ಮೊದಲ ವಿಧಾನದಲ್ಲಿ ದೋಷ ಬಂದರೆ ಆ ಕೆಲಸ ನಡೆಯಿತೇ ಇಲ್ಲವೇ ಎಂಬುದನ್ನು ಪರೀಕ್ಷಿಸಬೇಕು. ಎರಡನೆಯದರಲ್ಲಿ ನಡೆಯಬೇಕಾದ ಕೆಲಸವೇ ಇಲ್ಲದ ಕಾರಣ ಅನುಮಾನವೆಲ್ಲ ಗಡಿಯಾರ, ಹೋಲಿಕೆಯ ಸೂತ್ರ ಮತ್ತು ಕ್ಯಾಶ್ ಮೇಲೆಯೇ ಬೀಳುತ್ತದೆ. ನಿಮ್ಮ ತಾಣ ಯಾವ ಬಗೆಯದು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡರೆ ಅರ್ಧದಷ್ಟು ಪರೀಕ್ಷೆಗಳನ್ನು ಕೈಬಿಡಬಹುದು.

ಐದೂವರೆ ಗಂಟೆಯ ವ್ಯತ್ಯಾಸ

ನವೆಂಬರ್ 1ರ ಬೆಳಗ್ಗೆ 6ಕ್ಕೆ ರಾಜ್ಯೋತ್ಸವದ ಶುಭಾಶಯ ಕಾಣಿಸಲೆಂದು ಹೊಂದಿಸಿದ್ದು 11:30ಕ್ಕೆ ಕಾಣಿಸಿದರೆ ಬೇರೇನನ್ನೂ ಹುಡುಕಬೇಕಾಗಿಲ್ಲ. ಹೊಸದಾಗಿ ಸ್ಥಾಪಿಸಿದ ವರ್ಡ್‌ಪ್ರೆಸ್ ತಾಣದ ಸಮಯವಲಯ, ಯಾರೂ ಬದಲಿಸದಿದ್ದರೆ, ಸಾಮಾನ್ಯವಾಗಿ ಯುಟಿಸಿ (ಜಗತ್ತಿನ ಪ್ರಮಾಣ ಕಾಲಮಾನ) ಆಗಿರುತ್ತದೆ. ಭಾರತೀಯ ಕಾಲಮಾನ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಸೆಟ್ಟಿಂಗ್ಸ್ ವಿಭಾಗದ ಜನರಲ್ ಪುಟದಲ್ಲಿ ಟೈಮ್‌ಝೋನ್ ಪಟ್ಟಿಯಿಂದ ಕೋಲ್ಕತ್ತಾ ಎಂಬ ನಗರವನ್ನು ಆರಿಸಿ ಉಳಿಸಿದರೆ ಮುಂದಿನ ಬರಹಗಳು ಸರಿಹೋಗುತ್ತವೆ. ಆ ಪುಟದಲ್ಲೇ ಯುಟಿಸಿ ಸಮಯವೂ ಸ್ಥಳೀಯ ಸಮಯವೂ ಅಕ್ಕಪಕ್ಕ ಕಾಣಿಸುವುದರಿಂದ ನಿಮ್ಮ ಕೈಗಡಿಯಾರದೊಂದಿಗೆ ತಾಳೆ ನೋಡಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವರ್ಡ್‌ಪ್ರೆಸ್ ಪ್ರತಿ ಬರಹಕ್ಕೂ ಸ್ಥಳೀಯ ಸಮಯ ಮತ್ತು ಜಿಎಂಟಿ (ಇಲ್ಲಿ ಯುಟಿಸಿಗೆ ಸಮ) ಸಮಯ ಎರಡನ್ನೂ ದತ್ತಾಂಶದಲ್ಲಿ ಬರೆದಿಡುತ್ತದೆ. ಪ್ರಕಟವಾಗುವ ಕ್ಷಣ ನಿರ್ಧಾರವಾಗುವುದು ಜಿಎಂಟಿ ಲೆಕ್ಕದಲ್ಲಿ. ಸಮಯವಲಯವನ್ನು ಬದಲಿಸಿದ ಮಾತ್ರಕ್ಕೆ ಅದಕ್ಕೆ ಮೊದಲೇ ನಿಗದಿಯಾಗಿದ್ದ ಬರಹಗಳ ಜಿಎಂಟಿ ಸಮಯ ತಿದ್ದುಪಡಿಯಾಗುವುದಿಲ್ಲ. ಆದ್ದರಿಂದ ಸರದಿಯಲ್ಲಿರುವ ಪ್ರತಿಯೊಂದು ಬರಹವನ್ನೂ ತೆರೆದು, ಸಮಯವನ್ನು ಮತ್ತೆ ನಮೂದಿಸಿ, ಉಳಿಸಲೇಬೇಕು. ಹಲವರು ಈ ಹಂತವನ್ನು ಬಿಟ್ಟು, ಸಮಯವಲಯ ಸರಿಪಡಿಸಿದರೂ ದೋಷ ಹೋಗಲಿಲ್ಲ ಎಂದು ತೀರ್ಮಾನಿಸಿ, ಇಲ್ಲದ ದೋಷದ ಬೆನ್ನು ಹತ್ತುತ್ತಾರೆ.

ನಗರದ ಹೆಸರಿನ ಬದಲು ಯುಟಿಸಿಗೆ ಇಂತಿಷ್ಟು ಗಂಟೆ ಕೂಡಿಸಿ ಅಥವಾ ಕಳೆದು ಎಂಬ ಆಯ್ಕೆಯೂ ಅದೇ ಪಟ್ಟಿಯ ಕೊನೆಯಲ್ಲಿದೆ. ಭಾರತದಲ್ಲಿ ಬೇಸಿಗೆಯ ಕಾಲಮಾನ ಇಲ್ಲದಿರುವುದರಿಂದ ನಮಗೆ ಇದರಿಂದ ತೊಂದರೆಯಾಗದು. ಆದರೆ ಅಮೆರಿಕದ ಕನ್ನಡ ಕೂಟಗಳ ತಾಣಗಳನ್ನು ನೋಡಿಕೊಳ್ಳುವವರು ಈ ಆಯ್ಕೆಯ ತಂಟೆಗೆ ಹೋಗಬಾರದು. ನ್ಯೂಜೆರ್ಸಿಗೆಂದು ಯುಟಿಸಿಯಿಂದ 5 ಗಂಟೆ ಕಳೆದು ಸ್ಥಿರವಾಗಿ ಇಟ್ಟರೆ, ಮಾರ್ಚ್‌ನಿಂದ ನವೆಂಬರ್‌ವರೆಗೆ ಪ್ರತಿ ಬರಹವೂ ಒಂದು ಗಂಟೆ ತಡವಾಗಿ ಕಾಣಿಸುತ್ತದೆ. ಅಲ್ಲಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದು ನವೆಂಬರ್‌ನ ಮೊದಲ ಭಾನುವಾರ ನಸುಕಿನ 2 ಗಂಟೆಗೆ. 2026ರಲ್ಲಿ ಆ ಭಾನುವಾರ ನವೆಂಬರ್ 1ರಂದೇ, ಅಂದರೆ ರಾಜ್ಯೋತ್ಸವದ ದಿನವೇ ಬರುತ್ತದೆ. ಆ ದಿನ ನಸುಕಿನ 1:30 ಎಂಬ ಸಮಯ ಎರಡು ಬಾರಿ ಬರುವುದರಿಂದ, ಆ ಒಂದು ಗಂಟೆಯ ಒಳಗೆ ಯಾವುದನ್ನೂ ನಿಗದಿಪಡಿಸದಿರುವುದು ಕ್ಷೇಮ.

ಸ್ವಂತವಾಗಿ ಪಿಎಚ್‌ಪಿಯಲ್ಲಿ ಬರೆದ ತಾಣಗಳಲ್ಲಿ ಇದೇ ವ್ಯತ್ಯಾಸ ಬೇರೆ ವೇಷದಲ್ಲಿ ಬರುತ್ತದೆ. ಪಿಎಚ್‌ಪಿ ಒಂದು ಸಮಯವಲಯದಲ್ಲಿದ್ದು, ಮೈಎಸ್‌ಕ್ಯುಎಲ್‌ನ ನೌ ಫಂಕ್ಷನ್ ಇನ್ನೊಂದು ಸಮಯವಲಯದ ಸಮಯವನ್ನು ಕೊಡುತ್ತಿರಬಹುದು. ಎರಡರಿಂದಲೂ ಈಗಿನ ಸಮಯವನ್ನು ಕೇಳಿ ಒಂದೇ ಪುಟದಲ್ಲಿ ಮುದ್ರಿಸಿ ನೋಡುವುದು ಸರಳವಾದ ಮತ್ತು ಖಚಿತವಾದ ಪರೀಕ್ಷೆ. ಬ್ಯಾನರನ್ನು ಜಾವಾಸ್ಕ್ರಿಪ್ಟ್ ಮೂಲಕ ತೋರಿಸುವ ತಾಣಗಳಲ್ಲಿ ಪ್ರಕಟಣೆ ನಡುರಾತ್ರಿಯ ಬದಲು ಬೆಳಗಿನ 5:30ಕ್ಕೆ ಸರಿಯಾಗಿ ಕಾಣಿಸಿಕೊಂಡರೆ ಕಾರಣ ಇದು: ವರ್ಷ, ತಿಂಗಳು, ದಿನವನ್ನು ಅಡ್ಡಗೆರೆಯಿಂದ ಬಿಡಿಸಿ, ಗಂಟೆಯನ್ನು ಬರೆಯದೆ ಬರೀ ದಿನಾಂಕ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿಯ ನಡುರಾತ್ರಿ ಎಂದು ಭಾವಿಸುತ್ತದೆ, ಜೊತೆಗೆ ಗಂಟೆಯನ್ನೂ ಬರೆದು ಸಮಯವಲಯವನ್ನು ಬಿಟ್ಟರೆ ಸ್ಥಳೀಯ ಸಮಯ ಎಂದು ಭಾವಿಸುತ್ತದೆ. ಕೊನೆಯಲ್ಲಿ ಕೂಡಿಸು 05:30 ಎಂಬ ಗುರುತನ್ನು ಸೇರಿಸಿ ಬರೆದರೆ ಗೊಂದಲಕ್ಕೆ ಅವಕಾಶವೇ ಉಳಿಯದು. ಅಷ್ಟಾದರೂ ಜಾವಾಸ್ಕ್ರಿಪ್ಟ್ ನೋಡುವುದು ಓದುಗರ ಫೋನಿನ ಗಡಿಯಾರವನ್ನು ಎಂಬುದು ನೆನಪಿರಲಿ. ಆ ಗಡಿಯಾರ ತಪ್ಪಿದ್ದರೆ ನಿಮ್ಮ ಪ್ರಕಟಣೆಯೂ ತಪ್ಪುತ್ತದೆ. ಗಡುವು ಮುಖ್ಯವಾದ ಪ್ರಕಟಣೆಗಳನ್ನು ಈ ದಾರಿಯಲ್ಲಿ ನಿಭಾಯಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಮಿಸ್ಡ್ ಶೆಡ್ಯೂಲ್ ಎಂಬ ಕೆಂಪು ಅಕ್ಷರಗಳು

ವರ್ಡ್‌ಪ್ರೆಸ್‌ನ ಪೋಸ್ಟ್‌ಗಳ ಪಟ್ಟಿಯಲ್ಲಿ ದಿನಾಂಕದ ಕಾಲಮ್ಮಿನಲ್ಲಿ ಮಿಸ್ಡ್ ಶೆಡ್ಯೂಲ್ ಎಂದು ಕೆಂಪಾಗಿ ಕಾಣಿಸಿದರೆ ನಿಗದಿತ ಸಮಯ ದಾಟಿದೆ, ಬರಹದ ಸ್ಥಿತಿ ಮಾತ್ರ ಬದಲಾಗಿಲ್ಲ ಎಂದರ್ಥ. ಇದನ್ನು ಅರ್ಥ ಮಾಡಿಕೊಳ್ಳಲು ಒಳಗಿನ ಏರ್ಪಾಡನ್ನು ಸ್ವಲ್ಪ ತಿಳಿದಿರಬೇಕು. ಬರಹವನ್ನು ಮುಂದಿನ ದಿನಾಂಕಕ್ಕೆ ಉಳಿಸಿದಾಗ ವರ್ಡ್‌ಪ್ರೆಸ್ ಅದರ ಸ್ಥಿತಿಯನ್ನು ಫ್ಯೂಚರ್ ಎಂದು ಗುರುತಿಸಿ, ಪಬ್ಲಿಷ್ ಫ್ಯೂಚರ್ ಪೋಸ್ಟ್ ಎಂಬ ಒಂದು ಕೆಲಸವನ್ನು ತನ್ನ ಸರದಿ ಪಟ್ಟಿಗೆ ಸೇರಿಸುತ್ತದೆ. ಆ ಪಟ್ಟಿ ಇರುವುದು ಆಪ್ಷನ್ಸ್ ಕೋಷ್ಟಕದ ಕ್ರಾನ್ ಎಂಬ ಒಂದೇ ಸಾಲಿನಲ್ಲಿ. ಸಮಯ ಬಂದಾಗ ತಾನಾಗಿ ಎಚ್ಚರಗೊಳ್ಳುವ ವ್ಯವಸ್ಥೆ ವರ್ಡ್‌ಪ್ರೆಸ್‌ನೊಳಗೆ ಇಲ್ಲ. ಯಾರಾದರೂ ತಾಣಕ್ಕೆ ಭೇಟಿ ಕೊಟ್ಟಾಗ ಅದು ಸರದಿ ಪಟ್ಟಿಯನ್ನು ನೋಡಿ, ಸಮಯ ಮೀರಿದ ಕೆಲಸವಿದ್ದರೆ ತನ್ನದೇ ತಾಣದ ಡಬ್ಲ್ಯುಪಿ ಕ್ರಾನ್ ಕಡತಕ್ಕೆ ತಾನೇ ಒಂದು ಕೋರಿಕೆಯನ್ನು ಕಳಿಸುತ್ತದೆ. ಬಾಗಿಲು ಬಡಿದಾಗ ಮಾತ್ರ ಏಳುವ ಕಾವಲುಗಾರನಂತೆ ಇದರ ನಡವಳಿಕೆ.

ಹೀಗಿರುವಾಗ ದಿನಕ್ಕೆ ಬೆರಳೆಣಿಕೆಯಷ್ಟು ಜನ ಭೇಟಿ ಕೊಡುವ ಸಣ್ಣ ತಾಣದಲ್ಲಿ ನಸುಕಿನ 4 ಗಂಟೆಗೆಂದು ಹೊಂದಿಸಿದ ಬರಹ ಬೆಳಗ್ಗೆ 9ಕ್ಕೆ ಕಾಣಿಸುವುದು ಸಹಜ. ವಿಚಿತ್ರವೆಂದರೆ ಭೇಟಿ ಹೆಚ್ಚಿರುವ ತಾಣಗಳಲ್ಲೂ ಇದೇ ಲಕ್ಷಣ ಕಾಣಿಸುತ್ತದೆ: ಪುಟಗಳನ್ನೆಲ್ಲ ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶ ಅಥವಾ ಸಿಡಿಎನ್ (ಪುಟಗಳ ಪ್ರತಿಗಳನ್ನು ಹಲವೆಡೆ ಇಟ್ಟು ಹಂಚುವ ಜಾಲ) ತನ್ನ ಸಂಗ್ರಹದಿಂದಲೇ ಕೊಟ್ಟುಬಿಟ್ಟರೆ ಕೋರಿಕೆ ವರ್ಡ್‌ಪ್ರೆಸ್‌ವರೆಗೆ ತಲುಪುವುದೇ ಇಲ್ಲ, ಸರದಿ ಪಟ್ಟಿಯನ್ನು ಯಾರೂ ತೆರೆದು ನೋಡುವುದೂ ಇಲ್ಲ.

ಪತ್ತೆಯ ಮೊದಲ ಹೆಜ್ಜೆ ಸರದಿ ಪಟ್ಟಿಯನ್ನು ತೆರೆಯುವುದು. ಸರ್ವರಿನ ಟರ್ಮಿನಲ್ ಸಿಗುವವರು ಡಬ್ಲ್ಯುಪಿ ಸಿಎಲ್ಐ ಉಪಕರಣದಲ್ಲಿ ಕ್ರಾನ್ ಇವೆಂಟ್ ಲಿಸ್ಟ್ ಆದೇಶವನ್ನು ಕೊಡಬಹುದು. ಸಿಗದವರು ಡಬ್ಲ್ಯುಪಿ ಕ್ರಾಂಟ್ರೋಲ್ ಎಂಬ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ತಂತ್ರಾಂಶ) ಹಾಕಿಕೊಂಡರೆ ಅದೇ ಪಟ್ಟಿ ಡ್ಯಾಶ್‌ಬೋರ್ಡಿನಲ್ಲೇ ಕಾಣುತ್ತದೆ. ಅಲ್ಲಿ ಪಬ್ಲಿಷ್ ಫ್ಯೂಚರ್ ಪೋಸ್ಟ್ ಎಂಬ ಸಾಲನ್ನು ಹುಡುಕಿ, ಅದರ ಮುಂದಿರುವ ಸಂಖ್ಯೆ ನಿಮ್ಮ ಬರಹದ ಐಡಿಗೆ ಸರಿಹೊಂದುತ್ತದೆಯೇ ನೋಡಿ. ಇಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ.

ಸಾಲು ಪಟ್ಟಿಯಲ್ಲಿದ್ದು ಅದರ ಸಮಯ ಮೀರಿದ್ದರೆ, ಕ್ರಾನ್ ಓಡುತ್ತಿಲ್ಲ. ಅದೇ ಪಟ್ಟಿಯಲ್ಲಿ ಸಮಯ ಮೀರಿದ ಇತರ ಕೆಲಸಗಳೂ ಸಾಲುಗಟ್ಟಿ ನಿಂತಿರುವುದು ಕಾಣುತ್ತದೆ. ಆಗ ಮೊದಲು ನೋಡಬೇಕಾದದ್ದು ಡಬ್ಲ್ಯುಪಿ ಕಾನ್ಫಿಗ್ ಕಡತದಲ್ಲಿ ಡಿಸೇಬಲ್ ಡಬ್ಲ್ಯುಪಿ ಕ್ರಾನ್ ಎಂಬ ಸ್ಥಿರಾಂಕ ಟ್ರೂ ಎಂದಿದೆಯೇ ಎಂಬುದು. ಇದ್ದರೆ, ಭೇಟಿಗಳಿಂದ ಓಡುವ ಕ್ರಾನನ್ನು ಯಾರೋ ಉದ್ದೇಶಪೂರ್ವಕವಾಗಿ ನಿಲ್ಲಿಸಿ, ಸರ್ವರಿನ ಕ್ರಾನ್‌ಗೆ ಆ ಹೊಣೆ ವಹಿಸಿದ್ದಾರೆ ಎಂದರ್ಥ. ತಾಣವನ್ನು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಕಡತಗಳೂ ದತ್ತಾಂಶವೂ ಹೋಗುತ್ತವೆ, ಹೋಸ್ಟಿಂಗ್ ನಿರ್ವಹಿಸುವ ಹಳೆಯ ಸಿಪ್ಯಾನೆಲ್‌ನ ಕ್ರಾನ್ ಜಾಬ್ ಮಾತ್ರ ಅಲ್ಲೇ ಉಳಿದುಬಿಡುತ್ತದೆ. ಸ್ಥಳಾಂತರದ ನಂತರ ಶುರುವಾದ ಮಿಸ್ಡ್ ಶೆಡ್ಯೂಲ್ ದೂರಿಗೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಆ ಸ್ಥಿರಾಂಕ ಇಲ್ಲದಿದ್ದರೆ, ತಾಣ ತನಗೆ ತಾನೇ ಕಳಿಸಿಕೊಳ್ಳುವ ಕೋರಿಕೆ ದಾರಿಯಲ್ಲಿ ಎಲ್ಲೋ ತಡೆಯಲ್ಪಡುತ್ತಿದೆ. ಟೂಲ್ಸ್ ವಿಭಾಗದ ಸೈಟ್ ಹೆಲ್ತ್ ಪುಟ ಇದನ್ನು ಲೂಪ್‌ಬ್ಯಾಕ್ ಹೆಸರಿನಲ್ಲಿ ಪರೀಕ್ಷಿಸಿ, ವಿಫಲವಾದರೆ ಯಾವ ಉತ್ತರ ಬಂತೆಂದು ತಿಳಿಸುತ್ತದೆ. 401 ಬಂದರೆ ತಾಣದ ಮೇಲೆ ಸರ್ವರ್ ಮಟ್ಟದ ಪಾಸ್‌ವರ್ಡ್ ಇದೆ. ಪರೀಕ್ಷೆಗೆಂದು ಇಟ್ಟ ತಾಣಗಳಲ್ಲಿ ಇದು ಸಾಮಾನ್ಯ. 403 ಬಂದರೆ ಭದ್ರತಾ ಪ್ಲಗಿನ್ ಅಥವಾ ಫೈರ್‌ವಾಲ್ ಸರ್ವರಿನ ಸ್ವಂತ ಐಪಿ ವಿಳಾಸವನ್ನೇ ತಡೆದಿರಬಹುದು. ಉತ್ತರವೇ ಬಾರದೆ ಸಮಯ ಮುಗಿದರೆ, ಸರ್ವರಿನ ಒಳಗಿನಿಂದ ತಾಣದ ಹೆಸರು ಸರಿಯಾದ ವಿಳಾಸಕ್ಕೆ ಬಿಡಿಸಿಕೊಳ್ಳುತ್ತಿದೆಯೇ ಎಂದು ಹೋಸ್ಟಿಂಗ್‌ನವರನ್ನು ಕೇಳಬೇಕು. ಸರ್ವರಿನ ಆಕ್ಸೆಸ್ ಲಾಗ್ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ: ಡೂಯಿಂಗ್ ಡಬ್ಲ್ಯುಪಿ ಕ್ರಾನ್ ಎಂಬ ಪದವಿರುವ ಸಾಲುಗಳನ್ನು ಹುಡುಕಿ, ಅವು ಎಷ್ಟು ಹೊತ್ತಿಗೊಮ್ಮೆ ಬಂದಿವೆ, ಅವುಗಳಲ್ಲಿ ಉತ್ತರದ ಸಂಖ್ಯೆಯಾಗಿ ಯಶಸ್ಸನ್ನು ಸೂಚಿಸುವ 200 ಇದೆಯೇ ಬೇರೆ ಸಂಖ್ಯೆ ಇದೆಯೇ ಎಂದು ನೋಡಿ. ಲಾಗಿನ ಸಮಯದ ಪಕ್ಕದಲ್ಲಿ ಕೂಡಿಸು 0000 ಎಂದಿದ್ದರೆ ಆ ಸಮಯ ಯುಟಿಸಿ. ನಮ್ಮ ಸಮಯಕ್ಕೆ ಪರಿವರ್ತಿಸಿಕೊಂಡೇ ತೀರ್ಮಾನಕ್ಕೆ ಬರಬೇಕು.

ಇನ್ನೊಂದು ಕವಲು ಹೆಚ್ಚು ತೊಡಕಿನದು. ಬರಹ ಮಿಸ್ಡ್ ಶೆಡ್ಯೂಲ್ ಎಂದು ತೋರಿಸುತ್ತಿದೆ, ಆದರೆ ಸರದಿ ಪಟ್ಟಿಯಲ್ಲಿ ಅದರ ಸಾಲೇ ಇಲ್ಲ, ಉಳಿದ ಕೆಲಸಗಳೆಲ್ಲ ಸಮಯಕ್ಕೆ ಸರಿಯಾಗಿ ನಡೆಯುತ್ತಿವೆ. ಈ ಬರಹ ಎಷ್ಟು ಕಾದರೂ ತಾನಾಗಿ ಪ್ರಕಟವಾಗುವುದಿಲ್ಲ, ಏಕೆಂದರೆ ಅದನ್ನು ಪ್ರಕಟಿಸಬೇಕಾದ ಕೆಲಸ ಕಳೆದುಹೋಗಿದೆ. ವರ್ಡ್‌ಪ್ರೆಸ್ ಒಂದು ಕೆಲಸವನ್ನು ಕೈಗೆತ್ತಿಕೊಳ್ಳುವಾಗ ಮೊದಲು ಅದನ್ನು ಪಟ್ಟಿಯಿಂದ ತೆಗೆದು, ಆಮೇಲೆ ನಡೆಸುತ್ತದೆ. ಬರಹದ ಸ್ಥಿತಿ ಬದಲಾಗುವ ಮುನ್ನವೇ ಬೇರೊಂದು ಪ್ಲಗಿನ್ ಅಡ್ಡಬಂದು ಫೇಟಲ್ ಎರರ್ ಕೊಟ್ಟರೆ ಕೆಲಸ ಅಲ್ಲಿಗೇ ನಿಂತುಹೋಗಬಹುದು. ಪಟ್ಟಿಯಲ್ಲಿ ಅದರ ಗುರುತು ಅಷ್ಟರಲ್ಲಿ ಅಳಿಸಿಯಾಗಿರುತ್ತದೆ. ಪಿಎಚ್‌ಪಿ ಎರರ್ ಲಾಗಿನಲ್ಲಿ ನಿಗದಿತ ಸಮಯದ ಆಸುಪಾಸಿನ ಸಾಲುಗಳನ್ನು ಓದಿದರೆ ಅಪರಾಧಿ ಪ್ಲಗಿನ್‌ನ ಹೆಸರು ಕಡತದ ದಾರಿಯಲ್ಲೇ ಸಿಗುತ್ತದೆ. ಹಳೆಯ ಬ್ಯಾಕಪ್ಪಿನಿಂದ ಆಪ್ಷನ್ಸ್ ಕೋಷ್ಟಕವನ್ನು ಮರಳಿ ತಂದಿದ್ದರೂ, ಬರಹಗಳನ್ನು ನೇರವಾಗಿ ಎಸ್‌ಕ್ಯುಎಲ್ ಮೂಲಕ ಸೇರಿಸಿದ್ದರೂ ಇದೇ ಪರಿಣಾಮ ಉಂಟಾಗುತ್ತದೆ. ಸಮಯ ಮೀರಿದ ಬರಹವನ್ನು ಕೈಯಿಂದಲೇ ಪ್ರಕಟಿಸಬೇಕು. ಸಮಯ ಇನ್ನೂ ಬಾರದ ಬರಹಗಳನ್ನು ಒಂದೊಂದಾಗಿ ತೆರೆದು ಅಪ್‌ಡೇಟ್ ಒತ್ತಿದರೆ ಅವುಗಳ ಸಾಲುಗಳು ಪಟ್ಟಿಗೆ ಮರಳಿ ಸೇರುತ್ತವೆ.

ಶಾಶ್ವತ ಪರಿಹಾರವೆಂದರೆ ಭೇಟಿಗಳ ಅವಲಂಬನೆಯನ್ನು ತಪ್ಪಿಸುವುದು. ಸಿಪ್ಯಾನೆಲ್‌ನ ಕ್ರಾನ್ ಜಾಬ್ಸ್ ಪುಟದಲ್ಲಿ 5 ನಿಮಿಷಕ್ಕೊಮ್ಮೆ ಡಬ್ಲ್ಯುಪಿ ಕ್ರಾನ್ ಕಡತವನ್ನು ಓಡಿಸುವ ಸಾಲನ್ನು ಮೊದಲು ಬರೆದು, ಅದು ನಿಜವಾಗಿ ಓಡುತ್ತಿದೆ ಎಂದು ಲಾಗಿನಲ್ಲಿ ಕಂಡ ಮೇಲೆ ಮಾತ್ರ ಮೇಲೆ ಹೇಳಿದ ಸ್ಥಿರಾಂಕವನ್ನು ಟ್ರೂ ಮಾಡಬೇಕು. ಈ ಕ್ರಮ ಹಿಂದುಮುಂದಾಗಬಾರದು. ಆರಂಭದ ಕೆಲವು ದಿನ ಆ ಕ್ರಾನ್ ಜಾಬಿನ ಫಲಿತಾಂಶವನ್ನು ಡೆವ್ ನಲ್‌ಗೆ ಎಸೆಯದೆ ಒಂದು ಕಡತಕ್ಕೆ ಬರೆಸಿ. ಪಿಎಚ್‌ಪಿಯ ದಾರಿ ತಪ್ಪಾಗಿದ್ದರೆ ಅಥವಾ ಆವೃತ್ತಿ ಹಳೆಯದಾಗಿದ್ದರೆ ಆ ಕಡತವೇ ಹೇಳುತ್ತದೆ.

ಪ್ರಕಟವಾಗಿದೆ, ಆದರೆ ಓದುಗರಿಗೆ ಕಾಣದು

ಡ್ಯಾಶ್‌ಬೋರ್ಡಿನಲ್ಲಿ ಬರಹ ಪ್ರಕಟವಾಗಿದೆ ಎಂದಿದ್ದು ಹೊರಗಿನವರಿಗೆ ಹಳೆಯ ಪುಟವೇ ಕಾಣುತ್ತಿದ್ದರೆ ದಿನಾಂಕದ ಹೊಂದಿಕೆಯಲ್ಲಿ ದೋಷವಿಲ್ಲ. ಪುಟದ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಮತ್ತು ಯಾವುದಾದರೊಂದು ಪದ ಸೇರಿಸಿ ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಆಗ ಹೊಸದು ಕಂಡು, ಸೇರಿಸದೆ ತೆರೆದಾಗ ಹಳೆಯದು ಕಂಡರೆ ನಡುವೆ ಕ್ಯಾಶ್ ಇದೆ. ಬ್ರೌಸರಿನ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಆ ಪುಟದ ಹೆಡರ್‌ಗಳನ್ನು (ಪುಟದ ಜೊತೆ ಸರ್ವರ್ ಕಳಿಸುವ ಮಾಹಿತಿಯ ಸಾಲುಗಳನ್ನು) ನೋಡಿದರೆ ಏಜ್ ಎಂಬ ಸಾಲು ಆ ಪ್ರತಿ ಎಷ್ಟು ಸೆಕೆಂಡುಗಳಿಂದ ಸಂಗ್ರಹದಲ್ಲಿದೆ ಎಂದೂ, ಕ್ಯಾಶ್ ಕಂಟ್ರೋಲ್ ಎಂಬ ಸಾಲಿನ ಮ್ಯಾಕ್ಸ್ ಏಜ್ ಒಟ್ಟು ಎಷ್ಟು ಹೊತ್ತು ಅದನ್ನು ಹಾಗೆಯೇ ಕೊಡಬಹುದು ಎಂದೂ ತಿಳಿಸುತ್ತವೆ. ಕ್ಯಾಶ್ ಇಲ್ಲದ ಪುಟದಲ್ಲಿ ಡೇಟ್ ಎಂಬ ಹೆಡರ್ ಸರ್ವರಿನ ಈಗಿನ ಸಮಯವನ್ನು ಜಿಎಂಟಿಯಲ್ಲಿ ಕೊಡುವುದರಿಂದ ಸರ್ವರಿನ ಗಡಿಯಾರ ಹಿಂದೆ ಬಿದ್ದಿದೆಯೇ ಎಂಬ ಸಂಶಯವೂ ಅಲ್ಲೇ ಪರಿಹಾರವಾಗುತ್ತದೆ.

ಪೂರ್ಣ ಬರಹವೊಂದು ಪ್ರಕಟವಾದಾಗ ಹೆಚ್ಚಿನ ಕ್ಯಾಶ್ ಪ್ಲಗಿನ್‌ಗಳು ಸ್ಥಿತಿ ಬದಲಾದದ್ದನ್ನು ಗಮನಿಸಿ ಸಂಬಂಧಪಟ್ಟ ಪುಟಗಳನ್ನು ಅಳಿಸುತ್ತವೆ. ತೊಂದರೆ ಬರುವುದು ಪುಟದ ಒಂದು ಭಾಗವನ್ನು ಮಾತ್ರ ದಿನಾಂಕ ನೋಡಿ ತೋರಿಸುವಾಗ. ಮುಖಪುಟದ ಬ್ಯಾನರ್ ಬ್ಲಾಕಿಗೆ ಜೂನ್ 30ರ ರಾತ್ರಿಯವರೆಗೆ ಎಂದು ಷರತ್ತು ಹಾಕಿದ್ದೀರಿ ಎನ್ನೋಣ. ಆ ರಾತ್ರಿ ಯಾವ ಬರಹವೂ ಉಳಿಸಲ್ಪಡುವುದಿಲ್ಲ, ಯಾವ ಸ್ಥಿತಿಯೂ ಬದಲಾಗುವುದಿಲ್ಲ, ಆದ್ದರಿಂದ ಕ್ಯಾಶ್ ಅಳಿಸಬೇಕೆಂಬ ಸುಳಿವು ಯಾರಿಗೂ ಸಿಗುವುದಿಲ್ಲ. ಬ್ಯಾನರ್ ಸಹಿತವಾಗಿ ಸಂಗ್ರಹವಾದ ಮುಖಪುಟ ಜುಲೈ ತಿಂಗಳಲ್ಲೂ ಮುಂದುವರಿಯುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ: ಬದಲಾವಣೆಯ ಕ್ಷಣಕ್ಕೆ ಸರಿಯಾಗಿ ಕ್ಯಾಶ್ ಅಳಿಸುವ ಇನ್ನೊಂದು ಕ್ರಾನ್ ಕೆಲಸವನ್ನು ನಿಗದಿಪಡಿಸುವುದು, ಅಥವಾ ಪುಟದ ಮ್ಯಾಕ್ಸ್ ಏಜ್ ಮುಂದಿನ ಬದಲಾವಣೆಯವರೆಗೆ ಉಳಿದಿರುವ ಸಮಯವನ್ನು ಮೀರದಂತೆ ಲೆಕ್ಕ ಹಾಕಿ ಕೊಡುವುದು. ಎರಡನೆಯದು ಹೆಚ್ಚು ಶ್ರಮದ್ದಾದರೂ ಓದುಗರ ಬ್ರೌಸರಿನಲ್ಲಿ ಕುಳಿತ ಪ್ರತಿಗೂ ಅನ್ವಯಿಸುತ್ತದೆ. ನಿಮ್ಮ ಸರ್ವರಿನಲ್ಲಿ ಏನನ್ನು ಅಳಿಸಿದರೂ ಆ ಪ್ರತಿಯನ್ನು ಮುಟ್ಟಲಾಗದು.

ಡ್ರೂಪಲ್‌ನಲ್ಲಿ ಇದೇ ದೋಷಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಲಾಗಿನ್ ಆಗದವರಿಗೆ ಪುಟಗಳನ್ನು ಕೊಡುವ ಇಂಟರ್ನಲ್ ಪೇಜ್ ಕ್ಯಾಶ್ ಮಾಡ್ಯೂಲ್, ಒಳಗಿನ ಭಾಗಗಳು ಹೇಳುವ ಮ್ಯಾಕ್ಸ್ ಏಜ್ ಅವಧಿಯನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಪುಟದೊಳಗಿನ ವಿಷಯಗಳನ್ನು ಗುರುತಿಸುವ ಕ್ಯಾಶ್ ಟ್ಯಾಗ್ ಬದಲಾದಾಗ ಮಾತ್ರ ಪುಟವನ್ನು ಹೊಸದಾಗಿ ಕಟ್ಟುತ್ತದೆ. ದಿನಾಂಕ ಇಂದಿಗಿಂತ ಮುಂದಿರುವವನ್ನು ಮಾತ್ರ ತೋರಿಸು ಎಂಬ ವ್ಯೂಸ್ ಪಟ್ಟಿಯಲ್ಲಿ ಮುಗಿದುಹೋದ ಕಾರ್ಯಕ್ರಮಗಳು ಉಳಿದಿರುವುದಕ್ಕೆ ಬಹುಪಾಲು ಇದೇ ಕಾರಣ. ಇನ್ನು ಶೆಡ್ಯೂಲರ್ ಮಾಡ್ಯೂಲ್ ಬಳಸಿದ ಬರಹಗಳು 3 ಗಂಟೆಯವರೆಗೂ ತಡವಾಗುತ್ತಿದ್ದರೆ, ಆಟೊಮೇಟೆಡ್ ಕ್ರಾನ್‌ನ ಮೂಲ ಅವಧಿಯೇ 3 ಗಂಟೆ ಎಂಬುದನ್ನು ನೆನಪಿಸಿಕೊಳ್ಳಿ. ಶೆಡ್ಯೂಲರ್‌ಗೆಂದೇ ಇರುವ ಹಗುರ ಕ್ರಾನ್ ವಿಳಾಸವನ್ನು ಸರ್ವರಿನ ಕ್ರಾನ್‌ಗೆ ಜೋಡಿಸಿದರೆ ಸಾಕು. ಜೂಮ್ಲಾದಲ್ಲಿ ಸಿಸ್ಟಮ್ ಕ್ಯಾಶ್ ಚಾಲೂ ಇದ್ದರೆ ಅದರ ಮೂಲ ಅವಧಿ 15 ನಿಮಿಷ; ಅಷ್ಟರೊಳಗಿನ ವಿಳಂಬವನ್ನು ದೋಷವೆಂದು ಪರಿಗಣಿಸಬೇಕಾಗಿಲ್ಲ.

ಅವಧಿ ಮುಗಿಯುವ ಗಡಿ

ಕಾಣಿಸದಿರುವ ದೋಷಕ್ಕಿಂತ ಬೇಗ ಮರೆಯಾಗುವ ದೋಷ ಹೆಚ್ಚು ಹಾನಿಕರ, ಏಕೆಂದರೆ ಅದು ತೊಂದರೆ ಕೊಡುವುದು ಸರಿಯಾಗಿ ಗಡುವಿನ ದಿನ. ಅರ್ಜಿಗೆ ಕೊನೆಯ ದಿನ ಜೂನ್ 30 ಎಂದು ಜನ ಓದಿದಾಗ ಆ ದಿನ ಪೂರ್ತಿ ಅವಕಾಶವಿದೆ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ತಂತ್ರಾಂಶಕ್ಕೆ ಬರೀ ದಿನಾಂಕ ಕೊಟ್ಟರೆ ಅದು ಜೂನ್ 30ರ 00:00 ಎಂದು ಓದುತ್ತದೆ, ಅಂದರೆ 29ರ ರಾತ್ರಿ ಮುಗಿದು 30 ಆರಂಭವಾಗುವ ಕ್ಷಣ. ಪ್ರಕಟಣೆ ಒಂದು ದಿನ ಪೂರ್ತಿ ಮುಂಚೆಯೇ ಮಾಯವಾಗುತ್ತದೆ. ಇದನ್ನು ತಪ್ಪಿಸಲು 23:59 ಎಂದು ಬರೆಯುವ ರೂಢಿ ಇದೆ. ಅದಕ್ಕಿಂತ, ಅಂತ್ಯವನ್ನು ಜುಲೈ 1ರ 00:00 ಎಂದು ಕೊಟ್ಟು, ಅದಕ್ಕಿಂತ ಕಡಿಮೆ ಇದ್ದರೆ ತೋರಿಸು ಎಂದು ಸೂತ್ರ ಬರೆಯುವುದು ಹೆಚ್ಚು ನಿರ್ದುಷ್ಟ. ರಾತ್ರಿ 12 ಎಂಬ ಪದವನ್ನಂತೂ ಕಚೇರಿಯಿಂದ ಬಂದ ಟಿಪ್ಪಣಿಯಲ್ಲಿ ಕಂಡರೆ, ಯಾವ ದಿನದ ರಾತ್ರಿ ಎಂದು ಕೇಳಿ ಬರೆಸಿಕೊಳ್ಳದೆ ಹೊಂದಿಸಬೇಡಿ.

ದಿನ ಮತ್ತು ತಿಂಗಳು ಅದಲುಬದಲಾಗುವ ದೋಷವೂ ಇಲ್ಲೇ ಸೇರುತ್ತದೆ. ಪಿಎಚ್‌ಪಿಯ ಸ್ಟ್ರ್‌ಟುಟೈಮ್ ಫಂಕ್ಷನ್ 05/11/2026 ಎಂದು ಓರೆಗೆರೆ ಹಾಕಿ ಬರೆದರೆ ಅಮೆರಿಕದ ಪದ್ಧತಿಯಂತೆ ಮೇ 11 ಎಂದು ಓದುತ್ತದೆ. 05-11-2026 ಎಂದು ಅಡ್ಡಗೆರೆ ಹಾಕಿದರೆ ನವೆಂಬರ್ 5 ಎಂದು ಓದುತ್ತದೆ. ದಿನ 12ಕ್ಕಿಂತ ಹೆಚ್ಚಿದ್ದಾಗ ಮಾತ್ರ ಮೊದಲ ರೂಪ ವಿಫಲವಾಗುವುದರಿಂದ, ತಿಂಗಳ ಮೊದಲ 12 ದಿನಗಳಲ್ಲಿ ಯಾವ ಎಚ್ಚರಿಕೆಯೂ ಇಲ್ಲದೆ ತಪ್ಪು ದಿನಾಂಕ ಒಳಗೆ ಹೋಗುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ಎಲ್ಲೆಡೆ ಬರೆಯುವುದು ಇದಕ್ಕೆ ಮದ್ದು.

ಮೂಲ ವರ್ಡ್‌ಪ್ರೆಸ್‌ನಲ್ಲಿ ಬರಹದ ಅವಧಿ ಮುಗಿಸುವ ಸೌಲಭ್ಯವೇ ಇಲ್ಲ ಎಂಬುದೂ ಗೊತ್ತಿರಲಿ. ಪಬ್ಲಿಷ್‌ಪ್ರೆಸ್ ಫ್ಯೂಚರ್‌ನಂಥ ಪ್ಲಗಿನ್ ಆ ಕೆಲಸ ಮಾಡುತ್ತದೆ ಮತ್ತು ಅದೂ ಕ್ರಾನ್ ಮೇಲೆಯೇ ನಿಂತಿದೆ. ಪ್ಲಗಿನನ್ನು ತಾತ್ಕಾಲಿಕವಾಗಿ ನಿಲ್ಲಿಸಿದ ಅವಧಿಯಲ್ಲಿ ಮುಗಿಯಬೇಕಿದ್ದ ಬರಹಗಳು ಪ್ರಕಟ ಸ್ಥಿತಿಯಲ್ಲೇ ಉಳಿದುಬಿಡಬಹುದು. ಅವನ್ನು ಪಟ್ಟಿ ಮಾಡಿ ಕೈಯಿಂದ ಪರಿಶೀಲಿಸಬೇಕು.

ಸ್ಥಿರ ಪುಟಗಳ ತಾಣಗಳು

ಎಲ್ಲ ಪುಟಗಳನ್ನೂ ಮೊದಲೇ ಕಟ್ಟಿಡುವ ಹ್ಯೂಗೋದಲ್ಲಿ ಪಬ್ಲಿಷ್ ಡೇಟ್ ಮತ್ತು ಎಕ್ಸ್‌ಪೈರಿ ಡೇಟ್ ಎಂಬ ಎರಡೂ ಸೌಲಭ್ಯಗಳಿವೆ, ಆದರೆ ಅವು ಕೆಲಸ ಮಾಡುವುದು ತಾಣವನ್ನು ಮತ್ತೆ ಕಟ್ಟಿದಾಗ ಮಾತ್ರ. ಕಟ್ಟುವವರಿಲ್ಲದಿದ್ದರೆ ದಿನಾಂಕ ಬಂದರೂ ಏನೂ ಆಗದು. ಹ್ಯೂಗೋ ಲಿಸ್ಟ್ ಫ್ಯೂಚರ್ ಮತ್ತು ಹ್ಯೂಗೋ ಲಿಸ್ಟ್ ಎಕ್ಸ್‌ಪೈರ್ಡ್ ಎಂಬ ಆದೇಶಗಳು ಈ ಕ್ಷಣದಲ್ಲಿ ಯಾವ ಬರಹ ಯಾವ ಗುಂಪಿನಲ್ಲಿದೆ ಎಂದು ಹೇಳುತ್ತವೆ. ದಿನವೂ ತಾನಾಗಿ ಕಟ್ಟಲು ಗಿಟ್‌ಹಬ್ ಆಕ್ಷನ್ಸ್ ಬಳಸುವವರು ಮೂರು ವಿಷಯ ಗಮನಿಸಬೇಕು. ಅಲ್ಲಿನ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿರುವುದರಿಂದ ನಮ್ಮ ಬೆಳಗಿನ 6 ಗಂಟೆಗೆ 00:30 ಎಂದು ಬರೆಯಬೇಕು. ಪ್ರತಿ ಗಂಟೆಯ ಆರಂಭದಲ್ಲಿ ಒತ್ತಡ ಹೆಚ್ಚಿರುವುದರಿಂದ ಕೆಲಸ ತಡವಾಗಬಹುದು. ನಿಮಿಷದ ಜಾಗದಲ್ಲಿ ಸೊನ್ನೆಯ ಬದಲು ಬೇರೆ ಸಂಖ್ಯೆ ಇಡುವುದು ಒಳಿತು. ತಾಣದ ಮೂಲ ಕಡತಗಳಿರುವ ಸಾರ್ವಜನಿಕ ಭಂಡಾರದಲ್ಲಿ (ರೆಪಾಸಿಟರಿ) 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ನಿಗದಿತ ಕೆಲಸಗಳು ತಾವಾಗಿ ನಿಂತುಹೋಗುತ್ತವೆ. ವರ್ಷಕ್ಕೆ ಕೆಲವೇ ಪ್ರಕಟಣೆಗಳಿರುವ ಸಂಘ ಸಂಸ್ಥೆಗಳಿಗೆ ಈ ಮೂರನೆಯದು ನಿಜವಾದ ಅಪಾಯ.

ಅವಧಿ ಮುಗಿದ ಪುಟ ಪಟ್ಟಿಯಿಂದ ಹೋಗಿದ್ದರೂ ನೇರ ವಿಳಾಸದಲ್ಲಿ ತೆರೆಯುತ್ತಿದೆ ಎಂಬ ದೂರೂ ಬರುತ್ತದೆ. ಹ್ಯೂಗೋ ಹೊಸದಾಗಿ ಕಟ್ಟುವ ಮುನ್ನ ಹಿಂದೆ ತಾನು ಬರೆದ ಕಡತಗಳನ್ನು ಅಳಿಸುವುದಿಲ್ಲ. ಪಬ್ಲಿಕ್ ಕಡತಕೋಶವನ್ನು ಖಾಲಿ ಮಾಡಿ ಕಟ್ಟಬೇಕು, ಕಡತಗಳನ್ನು ಆರ್‌ಸಿಂಕ್ ಉಪಕರಣದ ಮೂಲಕ ಸರ್ವರಿಗೆ ಕಳಿಸುವಾಗ ಡಿಲೀಟ್ ಆಯ್ಕೆಯನ್ನೂ ಕೊಡಬೇಕು.

ಪುಟ ಮರೆಯಾದರೂ ಕಡತ ಉಳಿಯುತ್ತದೆ

ಕೊನೆಯದಾಗಿ ಪರೀಕ್ಷಿಸಬೇಕಾದದ್ದು ಬರಹಕ್ಕೆ ಲಗತ್ತಿಸಿದ ಪಿಡಿಎಫ್. ವರ್ಡ್‌ಪ್ರೆಸ್‌ನಲ್ಲಿ ಬರಹವನ್ನು ಮುಂದಿನ ವಾರಕ್ಕೆ ನಿಗದಿಪಡಿಸಿದರೂ ಅದರ ಪಿಡಿಎಫ್ ಅಪ್‌ಲೋಡ್ ಆದ ಕ್ಷಣದಿಂದಲೇ ಅಪ್‌ಲೋಡ್ಸ್ ಕಡತಕೋಶದಲ್ಲಿ, ವರ್ಷ ಮತ್ತು ತಿಂಗಳಿನ ಉಪಕೋಶದೊಳಗೆ, ಎಲ್ಲರಿಗೂ ತೆರೆದಿರುತ್ತದೆ. ಕಳೆದ ಬಾರಿಯ ಕಡತದ ಹೆಸರು ಗೊತ್ತಿರುವವರು ಈ ಬಾರಿಯದನ್ನು ಊಹಿಸಬಹುದು. 2025ರ ನವೆಂಬರ್ 26ರಂದು ಬ್ರಿಟನ್ನಿನ ಹಣಕಾಸು ಸಚಿವೆ ರೇಚಲ್ ರೀವ್ಸ್ ಬಜೆಟ್ ಭಾಷಣ ಆರಂಭಿಸುವ ಮೊದಲೇ, ಭಾಷಣದ ನಂತರ ಹೊರಬರಬೇಕಿದ್ದ ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ ಎಂಬ, ಅಲ್ಲಿನ ಸರ್ಕಾರದ ಹಣಕಾಸನ್ನು ಸ್ವತಂತ್ರವಾಗಿ ವಿಶ್ಲೇಷಿಸುವ ಸಂಸ್ಥೆಯ ವರದಿ ಊಹಿಸಬಹುದಾದ ವಿಳಾಸದಲ್ಲಿ ಹೊರಗಿನವರಿಗೆ ಸಿಕ್ಕಿತು. ಆ ತಾಣವೂ ವರ್ಡ್‌ಪ್ರೆಸ್‌ನದೇ. ಕೆಲವೇ ದಿನಗಳಲ್ಲಿ ಸಂಸ್ಥೆಯ ಅಧ್ಯಕ್ಷ ರಿಚರ್ಡ್ ಹ್ಯೂಸ್ ರಾಜೀನಾಮೆ ನೀಡಿದರು. ಫಲಿತಾಂಶ, ಆಯ್ಕೆ ಪಟ್ಟಿ, ದರಪಟ್ಟಿಗಳನ್ನು ಪ್ರಕಟಿಸುವ ನಮ್ಮ ಸಂಸ್ಥೆಗಳೂ ಇದೇ ಅಪಾಯದಲ್ಲಿವೆ. ಗೋಪ್ಯತೆ ಬೇಕಾದ ಕಡತವನ್ನು ಪ್ರಕಟಣೆಯ ಹೊತ್ತಿಗೇ ಸರ್ವರಿಗೆ ಏರಿಸಬೇಕು, ಇಲ್ಲವೇ ಸಾರ್ವಜನಿಕ ಕಡತಕೋಶದ ಹೊರಗಿಟ್ಟು, ಅನುಮತಿ ಪರಿಶೀಲಿಸಿ ಕೊಡುವ ವ್ಯವಸ್ಥೆ ಮಾಡಬೇಕು.

ಅವಧಿ ಮುಗಿದ ಪ್ರಕಟಣೆಗೂ ಇದು ಅನ್ವಯಿಸುತ್ತದೆ. ಪುಟವನ್ನು ಡ್ರಾಫ್ಟ್ ಮಾಡಿದ ಮೇಲೆ ಲಾಗಿನ್ ಇಲ್ಲದ ಬ್ರೌಸರಿನಲ್ಲಿ ಪುಟದ ನೇರ ವಿಳಾಸ, ಪಿಡಿಎಫ್‌ನ ನೇರ ವಿಳಾಸ, ಆರ್‌ಎಸ್‌ಎಸ್ ಫೀಡ್, ಸೈಟ್‌ಮ್ಯಾಪ್ ಮತ್ತು ತಾಣದೊಳಗಿನ ಹುಡುಕಾಟ ಇವಿಷ್ಟನ್ನೂ ತೆರೆದು ನೋಡಿ. ಗೂಗಲ್ ಫಲಿತಾಂಶಗಳಲ್ಲಿ ಹಳೆಯ ಕೊಂಡಿ ಕೆಲಕಾಲ ಉಳಿಯುವುದು ಸಹಜ. ಮುಗಿಯುವ ದಿನಾಂಕ ಮೊದಲೇ ಖಚಿತವಿದ್ದರೆ ಪ್ರಕಟಿಸುವಾಗಲೇ ಅನ್‌ಅವೈಲಬಲ್ ಆಫ್ಟರ್ ಎಂಬ ರೋಬೋಟ್ಸ್ ಮೆಟಾ ಟ್ಯಾಗಿನಲ್ಲಿ ಆ ದಿನಾಂಕವನ್ನು ಸಮಯವಲಯದ ಸಹಿತ ಬರೆದಿಡಿ, ಮತ್ತು ಮುಗಿದ ಪುಟದ ವಿಳಾಸ, ಪುಟ ಇಲ್ಲ ಎಂದು ಸೂಚಿಸುವ 404 ಅಥವಾ 410 ಉತ್ತರವನ್ನು ಕೊಡುತ್ತಿದೆಯೇ ಹೊರತು ಮುಖಪುಟಕ್ಕೆ ಕಳಿಸುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ.